ಗುಡ್ಡೆ ಕಡಿದಾಯಿತು, ಕಣಿ ಇನ್ನೂ ಆಗಿಲ್ಲ: ಮಲೆನಾಡು ಹೆದ್ದಾರಿ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಂದಾರಪದವಿನಿಂದ ಚೇವಾರಿನವರೆಗೆ ಮಲೆನಾಡು ಹೆದ್ದಾರಿ ಚೆನ್ನಾಗಿದೆ. ಬಂದಡ್ಕ, ಕೋಳಿಚ್ಚಾಲ್ ದಾಟಿ ಚೆರುಪುಳದ ಕಡೆಗೆ ಹೋಗುವಾಗ ಅಗಲದ ರಸ್ತೆ ಒಮ್ಮೆಲೇ ನಿಂತು ಹಳೆಯ ಸಪೂರ ದಾರಿ ಸಿಗುತ್ತದೆ, ಸ್ವಲ್ಪ ಮುಂದೆ ಮತ್ತೆ ಅಗಲ. ಇದನ್ನೆಲ್ಲ ಒಂದೇ ಸಲಕ್ಕೆ ಮುಗಿಸಲು ಏನು ಕಷ್ಟ?
– ಓದುಗರು, ಪೈವಳಿಕೆ

ಉತ್ತರ: ನಂದಾರಪದವಿನಿಂದ ತಿರುವನಂತಪುರ ಜಿಲ್ಲೆಯ ಪಾರಶ್ಶಾಲದವರೆಗೆ ಸಾವಿರ ಕಿಲೋಮೀಟರಿಗೂ ಮೀರಿದ ಈ 59ನೇ ರಾಜ್ಯ ಹೆದ್ದಾರಿ ಕಾಗದದ ಮೇಲೆ ಒಂದೇ ರಸ್ತೆ, ಕೆಲಸದಲ್ಲಿ ಹಲವು ತುಂಡು. ನಮ್ಮ ಕಾಸರಗೋಡು ಜಿಲ್ಲೆಯ ಭಾಗವನ್ನೇ ನಂದಾರಪದವು–ಚೇವಾರು, ಚೇವಾರು–ಎಡಪರಂಬ, ಎಡಪರಂಬ–ಕೋಳಿಚ್ಚಾಲ್, ಕೋಳಿಚ್ಚಾಲ್–ಚೆರುಪುಳ ಎಂದು ನಾಲ್ಕು ರೀಚ್ ಮಾಡಿದ್ದಾರೆ. ಒಂದೊಂದಕ್ಕೂ ಬೇರೆ ಎಸ್ಟಿಮೇಟ್, ಬೇರೆ ಟೆಂಡರ್. ಹಣ ಕಿಫ್‌ಬಿಯದು (ಕೇರಳದ ಮೂಲಸೌಕರ್ಯ ಹೂಡಿಕೆ ನಿಧಿ ಮಂಡಳಿ). ಒಟ್ಟು 12 ಮೀಟರ್ ಅಗಲ ಬೇಕು, ಜಾಗವನ್ನು ಮಾತ್ರ ಜನರೇ ಬಿಟ್ಟುಕೊಡಬೇಕು ಎಂಬುದು ಯೋಜನೆಯ ಲೆಕ್ಕ. ಹಾಗಾಗಿ ಎಲ್ಲರೂ ಬೇಗ ಒಪ್ಪಿದ ಕಡೆ ರಸ್ತೆ ಬೇಗ ಬಂತು.

ನೀವು ಹೇಳುವ ಸಪೂರ ತುಂಡುಗಳ ಕತೆ ಬೇರೆ. ಕೋಳಿಚ್ಚಾಲ್–ಚೆರುಪುಳ ರೀಚಿನಲ್ಲಿ ಮರುದೋಂ ಮತ್ತು ಕಾಟ್ಟಾಂಕವಲದ ಹತ್ತಿರ ರಸ್ತೆ ಅರಣ್ಯ ಭೂಮಿಯಲ್ಲಿ ಹಾದುಹೋಗುತ್ತದೆ. ಅಲ್ಲಿ ಮೊದಲೇ ರಸ್ತೆ ಇದ್ದರೂ ಅದನ್ನು ಅಗಲ ಮಾಡಲು 1980ರ ಅರಣ್ಯ ಸಂರಕ್ಷಣಾ ಕಾಯಿದೆಯಡಿ ಕೇಂದ್ರದ ಅನುಮತಿ ಬೇಕು. ಅದು ಎರಡು ಹಂತದಲ್ಲಿ ಸಿಗುತ್ತದೆ. ಮೊದಲನೆಯದು ಷರತ್ತಿನ ಒಪ್ಪಿಗೆ: ಕಡಿಯುವ ಕಾಡಿನ ಮೌಲ್ಯವನ್ನು ಹಣದಲ್ಲಿ ಕಟ್ಟಬೇಕು, ಪರ್ಯಾಯ ಜಾಗದಲ್ಲಿ ಗಿಡ ಬೆಳೆಸುವ ಏರ್ಪಾಡು ತೋರಿಸಬೇಕು. ಇವೆಲ್ಲ ಪೂರೈಸಿದ ಮೇಲೆ ಅಂತಿಮ ಒಪ್ಪಿಗೆ. ಪಂಚಾಯತು ಸದಸ್ಯರನ್ನೋ ಕಂಟ್ರಾಕ್ಟರನ್ನೋ ತರಾಟೆಗೆ ತೆಗೆದುಕೊಂಡರೆ ಈ ಫೈಲು ಓಡುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ‘ಮೊದಲ ಹಂತದ ಷರತ್ತುಗಳಲ್ಲಿ ಯಾವುದು ಬಾಕಿ?’ ಅದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ.

ಪ್ರಶ್ನೆ: ರಸ್ತೆ ಅಗಲ ಮಾಡಲು ನಮ್ಮ ಅಂಗಳದ ಬದಿಯ ಗುಡ್ಡೆಯನ್ನು ಹಿಟಾಚಿಯಲ್ಲಿ ನೇರ ಕಡಿದರು. ಈಗ ಐದು ಮೀಟರ್ ಎತ್ತರದ ಬರೆ (ಕಡಿದ ಗುಡ್ಡೆಯ ನೇರ ಮುಖ) ನಿಂತಿದೆ. ಮೇಲೆ ಎರಡು ಮೀಟರ್ ಮುರಕಲ್ಲು (ಜಂಬಿಟ್ಟಿಗೆ), ಕೆಳಗೆ ಬಿಳಿ–ಕೆಂಪು ಶೇಡಿಮಣ್ಣು. ಬರೆಯ ಅಂಚಿನಿಂದ ಮನೆಗೆ ಏಳು ಮೀಟರ್. ತಡೆಗೋಡೆ ಮುಂದಿನ ವರ್ಷ ಎನ್ನುತ್ತಾರೆ. ಮಳೆ ಹಿಡಿಯುವ ಮೊದಲು ನಾವು ಏನು ಮಾಡಬಹುದು?
– ಓದುಗರು, ಬಂದಡ್ಕ

ಉತ್ತರ: ಅರ್ಧ ಆದ ರಸ್ತೆಯಲ್ಲಿ ಹೆಚ್ಚು ಅಪಾಯ ಇರುವುದು ಇಂಥ ಜಾಗದಲ್ಲೇ. ಗುಡ್ಡೆ ಕಡಿಯುವ ಕೆಲಸ ಒಂದು ವಾರದ್ದು, ಕಣಿ (ನೀರು ಹರಿಯುವ ಚರಂಡಿ) ಮತ್ತು ಗೋಡೆ ಬರಲು ಒಂದು ವರ್ಷ. ನಡುವೆ ಒಂದು ಮಳೆಗಾಲ.

ಮೊದಲು ಮಣ್ಣಿನ ಗುಣ ತಿಳಿಯಿರಿ. ಮುರಕಲ್ಲಿನಲ್ಲಿ ತೂತುಗಳಿವೆ, ಅದು ನೀರನ್ನು ಕೆಳಗೆ ಬಿಡುತ್ತದೆ. ಶೇಡಿಮಣ್ಣು ಬಿಡುವುದಿಲ್ಲ. ಆದ್ದರಿಂದ ಗುಡ್ಡೆಯೊಳಗೆ ಇಳಿದ ನೀರೆಲ್ಲ ಎರಡೂ ಸೇರುವ ಗೆರೆಯಲ್ಲಿ ನಿಂತು, ಕಡಿದ ಮುಖದಿಂದ ಹೊರಗೆ ಒಸರುತ್ತದೆ. ಬೇಸಿಗೆಯಲ್ಲಿ ಕತ್ತಿಯಲ್ಲಿ ಕೊಯ್ದ ಹಾಗೆ ನಿಲ್ಲುವ ಶೇಡಿ, ನೆನೆದಾಗ ದೋಸೆಹಿಟ್ಟು. ಅದು ಬುಡದಿಂದ ಕರಗಿ ಹೋದಾಗ ಮೇಲಿನ ಮುರ ಗಟ್ಟಿಯಿದ್ದರೂ ಆಧಾರವಿಲ್ಲದೆ ತುಂಡು ತುಂಡಾಗಿ ಬೀಳುತ್ತದೆ. ಮೇಲಿನ ಕಲ್ಲು ಗಟ್ಟಿ ಉಂಟು ಎಂಬ ಧೈರ್ಯವನ್ನು ಬಿಡಿ.

ಬರೆಯ ಬುಡದಿಂದ 45 ಡಿಗ್ರಿಯಲ್ಲಿ ಹಿಂದಕ್ಕೆ ಗೆರೆ ಎಳೆದರೆ ಅದು ಅಂಚಿನಿಂದ 5 ಮೀಟರ್ ಹಿಂದೆ ನಿಮ್ಮ ಅಂಗಳಕ್ಕೆ ಬರುತ್ತದೆ. ಅಲ್ಲಿಂದ ಮನೆಯ ಗೋಡೆಗೆ ಉಳಿಯುವುದು 2 ಮೀಟರ್. ಒಣ ಮಣ್ಣಿಗೆ ಸಾಕು, ನೆನೆದ ಶೇಡಿಗೆ ಸಾಲದು. ಹಾಗಾಗಿ ಈ ವರ್ಷದ ಗುರಿ ಒಂದೇ: ಮಣ್ಣು ನೆನೆಯದಂತೆ ನೋಡಿಕೊಳ್ಳುವುದು.

ಅಂಚಿನಿಂದ ಒಂದೂವರೆ–ಎರಡು ಮೀಟರ್ ಹಿಂದೆ, ಬರೆಯ ಉದ್ದಕ್ಕೂ ಸುಮಾರು 45 ಸೆಂಟಿಮೀಟರ್ ಅಗಲ, ಅಷ್ಟೇ ಆಳದ ಕಣಿ ತೆಗೆಯಿರಿ. ನೂರು ಮೀಟರಿಗೆ ಕನಿಷ್ಠ ಒಂದು ಮೀಟರ್ ಇಳಿಜಾರು ಇರಲಿ. ಒಳಗೆ ಸಿಮೆಂಟ್ ಸಾರಣೆ ಮಾಡಿ, ಹಣವಿಲ್ಲದಿದ್ದರೆ ದಪ್ಪ ಟಾರ್ಪಾಲಾದರೂ ಹಾಸಿ. ಬರೀ ಮಣ್ಣಿನ ಕಣಿ ತೆಗೆದು ಬಿಡುವವರೇ ಹೆಚ್ಚು. ಅದಕ್ಕಿಂತ ಕಣಿ ಇಲ್ಲದಿರುವುದೇ ವಾಸಿ, ಯಾಕೆಂದರೆ ಅದು ನೀರನ್ನು ಸರಿಯಾಗಿ ಬರೆಯ ಬೆನ್ನಿಗೇ ಕುಡಿಸುತ್ತದೆ. ಕಣಿಯ ಕೊನೆಯನ್ನು ಬರೆಯ ಮೇಲಿಂದ ಕೆಳಗೆ ಬಿಡದೆ ಪಕ್ಕದ ತೋಡಿಗೋ ಮೋರಿಗೋ ಪೈಪಿನಲ್ಲಿ ಮುಟ್ಟಿಸಿ. ನೀರಿನ ಪ್ರಮಾಣ ಅಂದಾಜಿಗೆ ಬರಲಿ: ಮೇಲಿನ 20 ಸೆಂಟ್ಸ್ ಜಾಗದಲ್ಲಿ ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 80 ಸಾವಿರ ಲೀಟರ್. ನಮ್ಮಲ್ಲಿ ಜುಲೈಯಲ್ಲಿ ಅಂಥ ದಿನಗಳು ಅಪರೂಪವಲ್ಲ.

ಮೇಲಿನ ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಇದ್ದರೆ ಬರೆಯ ಬದಿಯ ಎರಡು ಸಾಲನ್ನು ಬಂದ್ ಮಾಡಿ. ಬಚ್ಚಲ ನೀರು, ಸೆಪ್ಟಿಕ್ ಹೊಂಡ, ಇಂಗುಗುಂಡಿ ಯಾವುದೂ ಅಂಚಿನಿಂದ 10 ಮೀಟರ್ ಒಳಗೆ ಬೇಡ. ಇಂಗುಗುಂಡಿ ಒಳ್ಳೆಯದು ಎಂಬ ಪ್ರಚಾರ ನಿಜವೇ, ಬರೆಯ ತಲೆಯ ಮೇಲೆ ಮಾತ್ರ ಅಲ್ಲ. ಅಂಚಿನಲ್ಲಿರುವ ದೊಡ್ಡ ಹಲಸು, ತೆಂಗು, ರಬ್ಬರ್ ಮರಗಳನ್ನು ಕಡಿಸಿ, ಬುಡ ಮತ್ತು ಬೇರು ಹಾಗೇ ಇರಲಿ. ಗಾಳಿಗೆ ಮರ ತೂಗಿದಾಗ ಬೇರು ಸನ್ನೆಕೋಲಿನ ಹಾಗೆ ಮಣ್ಣನ್ನು ಎತ್ತುತ್ತದೆ. ಜೇಸಿಬಿಯಲ್ಲಿ ಬುಡ ಸಮೇತ ಕಿತ್ತರೆ ಆ ಗುಂಡಿಯೇ ಮುಂದಿನ ಇಂಗುಗುಂಡಿ.

ಅಂಗಳದಲ್ಲಿ ಬರೆಗೆ ಸಮಾನಾಂತರವಾಗಿ ಬಿರುಕು ಕಂಡರೆ ಜಿಗುಟು ಮಣ್ಣು ತುಂಬಿ ಗುದ್ದಿ, ಮೇಲೆ ಪ್ಲಾಸ್ಟಿಕ್ ಹಾಸಿ. ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು ದಿನಾ ಅಂತರ ಅಳೆದು ಬರೆದಿಡಿ. ಅಂತರ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಬುಡದಲ್ಲಿ ಒಸರುವ ತಿಳಿನೀರು ಒಮ್ಮೆಲೇ ಕೆಂಪಾದರೆ, ಇದುವರೆಗೆ ಸುಲಭವಾಗಿ ಮುಚ್ಚುತ್ತಿದ್ದ ಬಾಗಿಲು ಸಿಕ್ಕಿಕೊಂಡರೆ ಆ ರಾತ್ರಿ ಮನೆಯಲ್ಲಿ ಮಲಗಬೇಡಿ. ಜಿಲ್ಲಾ ವಿಪತ್ತು ನಿರ್ವಹಣೆಯ 1077ಕ್ಕೆ ಫೋನ್ ಮಾಡಿ, ವಿಲೇಜ್ ಆಫೀಸಿಗೂ ತಿಳಿಸಿ.

ರಸ್ತೆಯ ಕಣಿಗಾಗಿ ಬರೆಯ ಬುಡವನ್ನೇ ಇನ್ನೊಂದು ಅಡಿ ಅಗೆಯಲು ಮಳೆಗಾಲದಲ್ಲಿ ಯಾರಾದರೂ ಬಂದರೆ ತಡೆಯಿರಿ. ಇಡೀ ಬರೆ ನಿಂತಿರುವುದು ಆ ಒಂದು ಅಡಿಯ ಮೇಲೆ.

ಇನ್ನು ಗೋಡೆ. ಮುಂದಿನ ವರ್ಷ ಅವರು ಕಟ್ಟುವಾಗ ನಿಮಗೆ ನೋಡಲು ಗೊತ್ತಿರಬೇಕು. ಕಪ್ಪುಕಲ್ಲಿನ ಭಾರದ ಗೋಡೆಯಾದರೆ ಬುಡದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬಾರದು. ಮೂರು ಮೀಟರ್ ಗೋಡೆಗೆ ಒಂದೂವರೆ ಮೀಟರ್ ಬುಡ, ಅರ್ಧ ಮೀಟರಿಗಿಂತ ಹೆಚ್ಚು ತಲೆ, ಗಟ್ಟಿ ನೆಲದೊಳಗೆ ಮುಕ್ಕಾಲರಿಂದ ಒಂದು ಮೀಟರ್ ಅಡಿಪಾಯ. ನಿಮ್ಮಲ್ಲಿ ಎತ್ತರ ಐದು ಮೀಟರ್. ಅದು ಎಂಜಿನಿಯರರ ಡಿಸೈನ್ ಇಲ್ಲದೆ ಮೇಸ್ತ್ರಿಯ ಕೈಯಲ್ಲಿ ಆಗುವ ಕೆಲಸವಲ್ಲ. ಜಾಗ ಬಿಟ್ಟುಕೊಡಲು ಸಾಧ್ಯವಾದರೆ ಬರೆಯನ್ನು ನಡುವೆ ಮೆಟ್ಟಿಲು ಮಾಡಿ ಹಿಂದಕ್ಕೆ ವಾಲಿಸಿ, ಬುಡದಲ್ಲಿ ಗಿಡ್ಡ ಗೋಡೆ ಕಟ್ಟುವುದು ಒಂದೇ ಎತ್ತರದ ಗೋಡೆಗಿಂತ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಗೋಡೆಗಳು ಬೀಳುವುದು ಹೆಚ್ಚಾಗಿ ಸಿಮೆಂಟ್ ಕಡಿಮೆಯಾಗಿ ಅಲ್ಲ, ಹಿಂದೆ ನೀರು ಕಟ್ಟಿ. 10 ಸೆಂಟಿಮೀಟರ್ ಪೈಪನ್ನು ಒಂದೂವರೆ ಮೀಟರಿಗೆ ಒಂದರಂತೆ ಹೊರಗೆ ಇಳಿಜಾರಾಗಿ ಇಡುತ್ತಾರೆ, ಸರಿ. ಆದರೆ ಪೈಪಿನ ಹಿಂದೆ ಜಲ್ಲಿಯ ಬದಲು ಕಡಿದ ಶೇಡಿಯನ್ನೇ ತುಂಬಿದರೆ ಒಂದೇ ಮಳೆಗೆ ಬಾಯಿ ಮುಚ್ಚುತ್ತದೆ. ಗೋಡೆಯ ಬೆನ್ನಿಗೆ ಕನಿಷ್ಠ 30 ಸೆಂಟಿಮೀಟರ್ ದಪ್ಪಕ್ಕೆ ಜಲ್ಲಿ, ಅದರ ಮತ್ತು ಮಣ್ಣಿನ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಇರಬೇಕು. ಪರೀಕ್ಷೆ ಸುಲಭ: ನಾಲ್ಕು ದಿನ ಮಳೆ ಹಿಡಿದ ಮೇಲೂ ಪೈಪುಗಳಿಂದ ತೊಟ್ಟೂ ಬೀಳದಿದ್ದರೆ ಗೋಡೆ ಚೆನ್ನಾಗಿದೆ ಎಂದಲ್ಲ, ಬಾಯಿ ಕಟ್ಟಿದೆ ಎಂದು ಅರ್ಥ. ಕರಾವಳಿಯ 66ನೇ ಹೆದ್ದಾರಿಯಲ್ಲಿ ಚೆರುವತ್ತೂರಿನ ವೀರಮಲೆಗುಡ್ಡೆ 2025ರ ಜುಲೈಯಲ್ಲಿ ರಸ್ತೆಗೆ ಜರಿದ ಮೇಲೆ, ಗುಡ್ಡೆಗೆ ಕಬ್ಬಿಣದ ಮೊಳೆ ಹೊಡೆದು ಸಿಮೆಂಟ್ ಸಿಂಪಡಿಸುವುದು ಸರಿಯೇ ಎಂದು ಹಲವರು ಕೇಳುತ್ತಾರೆ. ಅಲ್ಲಿಯೂ ನಿಯಮ ಇದೇ. ಒಳಗಿನ ನೀರು ಹೊರಬರಲು ತೂತು ಇಡದೆ ಮುಖಕ್ಕೆ ಮಾತ್ರ ಸಿಮೆಂಟ್ ಬಳಿದರೆ ಮೊಳೆಗಳ ಮೇಲೆ ನೀರಿನ ಒತ್ತಡವೂ ಬೀಳುತ್ತದೆ.

ಲಾವಂಚ ನೆಡಬಹುದೇ ಎಂದರೆ, ವಾಲಿಸಿದ ಮಣ್ಣಿನ ಮುಖಕ್ಕೆ ಅದು ಅತ್ಯುತ್ತಮ. ಜೂನ್ ಮೊದಲಲ್ಲಿ ಗೇಣಿಗಿಂತ ಕಡಿಮೆ ಅಂತರದಲ್ಲಿ, 10–15 ಸೆಂಟಿಮೀಟರಿಗೊಂದು ಸಸಿ, ಒಂದು ಮೀಟರ್ ಎತ್ತರಕ್ಕೊಂದು ಸಾಲು. ಬೇರು ಎರಡು–ಮೂರು ಮೀಟರ್ ಇಳಿಯಲು ಒಂದೆರಡು ವರ್ಷ ಬೇಕು, ಆದ್ದರಿಂದ ಈ ಮಳೆಗಾಲಕ್ಕೆ ಅದನ್ನು ನಂಬಬೇಡಿ. ನೇರ ನಿಂತ ಮುರಕ್ಕೆ ಯಾವ ಹುಲ್ಲೂ ಹಿಡಿಯದು.

ಪ್ರಶ್ನೆ: ನಮ್ಮ ತೋಟಕ್ಕೂ ಮನೆಗೂ ಅಜ್ಜನ ಕಾಲದಲ್ಲಿ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದ ಸುರಂಗದ ನೀರು. ರಸ್ತೆಯ ಗುರುತು ಕಲ್ಲು ಸುರಂಗದ ಮೇಲೆಯೇ ಬಂದಿದೆ. ನೀರು ಉಳಿಯುತ್ತದೆಯೇ?
– ಓದುಗರು, ಬಾಯಾರು

ಉತ್ತರ: ಉಳಿಸಬಹುದು, ಡಾಂಬರು ಬೀಳುವ ಮೊದಲು ಎಚ್ಚೆತ್ತರೆ. ರಸ್ತೆಯ ನಕ್ಷೆಯಲ್ಲಿ ಬಾವಿ ಕಾಣುತ್ತದೆ, ಸುರಂಗ ಕಾಣುವುದಿಲ್ಲ. ತೋರಿಸಬೇಕಾದವರು ನೀವೇ. ಬಾಯಿಯಿಂದ ಕೊನೆಯವರೆಗೆ ಹಗ್ಗ ಹಿಡಿದು ಉದ್ದ ಅಳೆಯಿರಿ, ತಿರುವು ಇದ್ದಲ್ಲಿ ದಿಕ್ಸೂಚಿಯಲ್ಲಿ ದಿಕ್ಕು ಬರೆದುಕೊಳ್ಳಿ, ಅದೇ ಅಳತೆಯನ್ನು ಗುಡ್ಡೆಯ ಮೇಲೆ ಗೂಟ ಹೊಡೆದು ಗುರುತಿಸಿ. ಬಹಳ ದಿನ ಯಾರೂ ಹೋಗದ ಸುರಂಗಕ್ಕೆ ಒಬ್ಬರೇ ಹೋಗಬೇಡಿ. ಮೊಂಬತ್ತಿ ಮಂಕಾದಲ್ಲಿಂದ ಹಿಂದೆ ಬನ್ನಿ.

ರಸ್ತೆ ಸುರಂಗದ ಮೇಲೆ ಹಾದುಹೋಗುವುದಾದರೆ ಅದರ ಚಾವಣಿಯಿಂದ ರಸ್ತೆಗೆ ಎಷ್ಟು ಮಣ್ಣಿದೆ ಎಂಬುದೇ ಮುಖ್ಯ. ಮೂರು ಮೀಟರಿಗಿಂತ ಕಡಿಮೆಯಿದ್ದರೆ ಅಲ್ಲಿ ರೋಲರನ್ನು ಕಂಪನ ಬಂದ್ ಮಾಡಿ ಓಡಿಸಲು ಹೇಳಿ, ರಸ್ತೆಯ ಅಡಿಯ ಭಾಗಕ್ಕೆ ಒಳಗಿನಿಂದ ಆಧಾರ ಕೇಳಿ. ಇದಕ್ಕೆ ಎರಡು ದಾರಿ. ತಳದಲ್ಲಿ ಪೈಪು ಇಟ್ಟು ಉಳಿದ ಟೊಳ್ಳನ್ನು ಕಾಂಕ್ರೀಟ್ ತುಂಬಿಸುವುದು ಅಗ್ಗ, ಆದರೆ ಮುಂದೆ ಒಳಗೆ ಹೋಗಿ ಹೂಳು ತೆಗೆಯಲು ದಾರಿಯಿಲ್ಲ. ಹತ್ತು ವರ್ಷದಲ್ಲಿ ನೀರು ನಿಂತರೆ ಅದೇ ಕೊನೆ. ಮನುಷ್ಯ ನಡೆಯುವಷ್ಟು ಆರ್‌ಸಿಸಿ ಪೆಟ್ಟಿಗೆ ಕಟ್ಟುವುದು ದುಬಾರಿ. ಸುರಂಗದ ನೀರೇ ಬದುಕಾದ ಮನೆಯವರು ಎರಡನೆಯದಕ್ಕೇ ಹಟ ಹಿಡಿಯಬೇಕು.

ಗುಡ್ಡೆ ಕಡಿದಾಗ ಸುರಂಗದ ಮುಂಭಾಗ ತುಂಡಾಗಿ ಹೊಸ ಬಾಯಿ ಬರೆಯಲ್ಲೇ ತೆರೆದರೆ, ಅಲ್ಲಿ ಆರ್‌ಸಿಸಿ ಚೌಕಟ್ಟು ಕಟ್ಟಿಸಿ ಸಣ್ಣ ತೊಟ್ಟಿಯಲ್ಲಿ ನೀರು ಹಿಡಿಯಿರಿ. ರಸ್ತೆ ದಾಟಿಸಲು 160 ಮಿಲಿಮೀಟರಿನ ಹೊರಪೈಪು, ಅದರೊಳಗೆ 75ರ ಎಚ್‌ಡಿಪಿಇ ಪೈಪು, ಡಾಂಬರಿನಿಂದ ಒಂದು ಮೀಟರ್ ಕೆಳಗೆ. ಹೊರಪೈಪು ಇದ್ದರೆ ನಾಳೆ ಒಳಪೈಪು ಒಡೆದರೂ ಎಳೆದು ಬದಲಿಸಬಹುದು. ಇದನ್ನು ಜಲ್ಲಿಯ ಪದರ ಹಾಕುವ ಮೊದಲೇ ಹುಗಿಯಬೇಕು. ಮುಗಿದ ರಸ್ತೆ ಅಗೆಯಲು ಅನುಮತಿ, ಠೇವಣಿ ಎಂದು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಅರ್ಜಿಯನ್ನು ಕನ್ನಡದಲ್ಲೇ ಕೊಡಿ. ಕಾಸರಗೋಡಿನ ಕನ್ನಡಿಗರಿಗೆ 1969ರ ಕೇರಳ ರಾಜಭಾಷಾ ಕಾಯಿದೆಯಡಿ ಆ ಹಕ್ಕಿದೆ. ಗೂಟ ಹೊಡೆದ ಫೋಟೊ ಜತೆಗಿರಲಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಪ್ರಶ್ನೆ: ಜಾಗ ಬಿಟ್ಟುಕೊಟ್ಟ ಮೇಲೆ ಉಳಿದ ನಾಲ್ಕು ಸೆಂಟ್ಸಿನಲ್ಲಿ ಅಂಗಡಿ ಕಟ್ಟಬಹುದೇ?
– ಓದುಗರು, ಮುಳ್ಳೇರಿಯ

ಉತ್ತರ: ರಾಜ್ಯ ಹೆದ್ದಾರಿಯ ಗಡಿಯಿಂದ 3 ಮೀಟರ್ ಬಿಟ್ಟೇ ಕಟ್ಟಡ ಎಂಬುದು ಕೇರಳ ಪಂಚಾಯತ್ ರಾಜ್ ಕಾಯಿದೆಯ ನಿಯಮ. ಅಳತೆ ಡಾಂಬರಿನ ಅಂಚಿನಿಂದಲ್ಲ, ಹೊಸ ಗಡಿಯಿಂದ. ಮೊದಲು ಉಳಿದ ಜಾಗವನ್ನು ಸರ್ವೆ ಮಾಡಿಸಿ, ತೆರಿಗೆ ರಶೀದಿಯಲ್ಲಿ ವಿಸ್ತೀರ್ಣ ಸರಿಯಾಗಿದೆಯೇ ನೋಡಿ. ಆಮೇಲೆ ಪ್ಲಾನ್.

ಪ್ರಶ್ನೆ: ಬಂದಡ್ಕದಿಂದ ಚೆರುಪುಳಕ್ಕೆ ಬಾಳೆಗೊನೆ ತುಂಬಿದ ಪಿಕಪ್ ಓಡಿಸುತ್ತೇನೆ. ಮಳೆಯಲ್ಲಿ ಇಳಿಯುವಾಗ ಬ್ರೇಕ್ ಹಿಡಿಯುವುದಿಲ್ಲ. ಗಾಡಿಯ ದೋಷವೇ?
– ಓದುಗರು, ಕುತ್ತಿಕೋಲು

ಉತ್ತರ: ಪ್ಯಾಡ್ ಮತ್ತು ಬ್ರೇಕ್ ಆಯಿಲ್ ಮೊದಲು ನೋಡಿಸಿ. ಆಯಿಲ್ ನೀರು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಬಿಸಿಗೆ ಕುದಿದು ಪೆಡಲ್ ಮೆತ್ತಗಾಗುತ್ತದೆ. ಅವು ಸರಿಯಿದ್ದರೆ ದೋಷ ಗೇರಿನಲ್ಲಿ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ, ಮತ್ತು ಇಳಿಜಾರು ಶುರುವಾಗುವ ಮೊದಲೇ ಹಾಕಬೇಕು. ಬ್ರೇಕನ್ನು ಸತತ ಒತ್ತಿ ಹಿಡಿಯದೆ, ಗಟ್ಟಿಯಾಗಿ ಒತ್ತಿ ಬಿಡಿ. ನ್ಯೂಟ್ರಲ್‌ನಲ್ಲಿ ಬಿಟ್ಟು ಡೀಸೆಲ್ ಉಳಿಸುವ ಅಭ್ಯಾಸ ಇಂದೇ ನಿಲ್ಲಲಿ.

ಅಗಲ ರಸ್ತೆ ಮುಗಿದು ಸಪೂರ ಶುರುವಾಗುವ ಜಾಗದಲ್ಲಿ ಇನ್ನೊಂದು ಅಪಾಯ: ಹೊಸ ಡಾಂಬರಿನ ಅಂಚಿಗೂ ಹಳೆಯ ಮಣ್ಣಿಗೂ ಗೇಣೆತ್ತರದ ವ್ಯತ್ಯಾಸ, ಅದರ ಮೇಲೆ ಕೆಸರು ನೀರು. ಎಡ ಚಕ್ರ ಕೆಳಗಿಳಿದರೆ ಒಮ್ಮೆಲೇ ಬಲಕ್ಕೆ ತಿರುಗಿಸಬೇಡಿ. ವೇಗ ಇಳಿಸಿ ನೇರ ಹೋಗಿ, ಆಮೇಲೆ ಹತ್ತಿ. ಎರಡು ಗಾಡಿಗೆ ಜಾಗವಿಲ್ಲದ ಕಡೆ ಹತ್ತುವ ಗಾಡಿಗೆ ಮೊದಲ ಹಕ್ಕು, ಇಳಿಯುವ ನೀವು ನಿಲ್ಲಬೇಕು. ನಿಲ್ಲಿಸುವಾಗ ಹೊಸದಾಗಿ ಕಡಿದ ಬರೆಯ ಬುಡದಲ್ಲಿ ಬೇಡ, ಒಂದು ತಿರುವು ಮೊದಲೇ ನಿಲ್ಲಿಸಿ.