ಸಾಹಿತ್ಯವೇ ಇಲ್ಲದ ಪೋಸ್ಟ್-ರಾಕ್ ಕೇಳಲು ಮಂಗಳೂರಿನ ಹುಡುಗರು ರಾತ್ರಿ ಬಸ್ ಹಿಡಿದು ಬೆಂಗಳೂರಿಗೆ ಹೋಗುವುದೇಕೆ?

ಕಾಯಿಸುವುದೇ ಈ ಸಂಗೀತದ ರುಚಿ, ಮತ್ತು ಆ ಕಾಯುವಿಕೆ ಪೂರ್ತಿ ದಕ್ಕುವುದು ಎದುರಿಗೆ ನಿಂತು ಕೇಳಿದಾಗ ಮಾತ್ರ.

ಪೋಸ್ಟ್-ರಾಕ್ ಎಂದರೆ ಗಿಟಾರ್, ಡ್ರಮ್ಸ್‌ನಂಥ ರಾಕ್ ವಾದ್ಯಗಳನ್ನೇ ಇಟ್ಟುಕೊಂಡು ಪಲ್ಲವಿ-ಚರಣದ ಚೌಕಟ್ಟನ್ನು ಬಿಟ್ಟ ಸಂಗೀತ. ಗ್ಲಾಸ್ಗೋದ ಮೊಗ್ವಾಯ್, ಟೆಕ್ಸಾಸ್‌ನ ಎಕ್ಸ್‌ಪ್ಲೋಷನ್ಸ್ ಇನ್ ದ ಸ್ಕೈ ಇದರಲ್ಲಿ ದೊಡ್ಡ ಹೆಸರಿನ ತಂಡಗಳು. ಒಂದೇ ಸಣ್ಣ ಸ್ವರಗುಚ್ಛ ಪಿಸುಮಾತಿನಂತೆ ಶುರುವಾಗಿ, ಪದೇ ಪದೇ ಬಂದು, ಒಂದೊಂದೇ ವಾದ್ಯ ಸೇರಿ, ಏಳೆಂಟು ನಿಮಿಷದ ಹೊತ್ತಿಗೆ ಸಿಡಿಯುತ್ತದೆ. ಸಿಡಿಯುತ್ತದೆಂದು ಗೊತ್ತು, ಯಾವಾಗ ಎಂಬುದಷ್ಟೇ ಗೊತ್ತಿಲ್ಲ. ಯಕ್ಷಗಾನದ ಆಟದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ಇರುವಾಗ ಚೆಂಡೆ ಏರುತ್ತಾ ಹೋಗುತ್ತದಲ್ಲ, ನಿದ್ದೆಗಣ್ಣಿನವರೂ ನೆಟ್ಟಗೆ ಕೂರುತ್ತಾರಲ್ಲ, ಹೆಚ್ಚುಕಡಿಮೆ ಅದೇ.

ಮೊಬೈಲಿನಲ್ಲಿ ಇದು ಅರ್ಧ ಸತ್ತಂತೆ. ಹಂಪನಕಟ್ಟೆಯ ಹಾರ್ನ್‌ಗಳ ನಡುವೆ ಪಿಸುಮಾತು ಕೇಳಿಸುವುದಿಲ್ಲ. ಪಿಸುಮಾತು ಕೇಳದಿದ್ದರೆ ಸಿಡಿತಕ್ಕೆ ಬೆಲೆಯಿಲ್ಲ. ಚಿಕ್ಕ ಸ್ಪೀಕರಿನಿಂದ ಕೆಳಸ್ಥಾಯಿಯ ಬೇಸ್ ಹೊರಡುವುದೂ ಇಲ್ಲ. ದೊಡ್ಡ ಸ್ಪೀಕರಿನ ಮುಂದೆ ಅದೇ ಬೇಸ್ ಎದೆಗೂಡನ್ನು ಅಲುಗಿಸುತ್ತದೆ. ಕಿವಿಯಷ್ಟೇ ಅಲ್ಲ, ಮೈಯೂ ಕೇಳುತ್ತದೆ. ಸುಮಾರು 10 ಡೆಸಿಬೆಲ್ ಏರಿದರೆ ನಮಗೆ ಸದ್ದು ಇಮ್ಮಡಿಯಾದಂತೆ ಅನಿಸುತ್ತದೆ, ಈ ವಾದ್ಯಗಾರರು ಅದಕ್ಕಿಂತ ಎಷ್ಟೋ ಹೆಚ್ಚು ಏರಿಸುತ್ತಾರೆ.

ಮಾತಿಲ್ಲದ್ದರಿಂದ ದುಃಖವೋ ಸಂತೋಷವೋ, ಕೇಳುವವರು ತಮ್ಮದನ್ನೇ ತುಂಬಿಕೊಳ್ಳಬಹುದು ಅನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಅದು ಎರಡನೆಯ ಕಾರಣ.

ಹೋಗುವುದಾದರೆ ಇಯರ್‌ಪ್ಲಗ್ ಮರೆಯಬೇಡಿ.