ಫೈ ಎಪ್ಸಿಲಾನ್ ಪೈ ಎಂಬ ಫ್ರೆಟರ್ನಿಟಿ ಏನಾಯಿತು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನ್ಯೂಜೆರ್ಸಿಯಲ್ಲಿ ನಿಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ಕಾಲೇಜಿನಲ್ಲಿದ್ದಾಗ ಫೈ ಎಪ್ಸಿಲಾನ್ ಪೈ ಸೇರಿದ್ದರಂತೆ. ಈಗ ಆ ಹೆಸರಿನ ಫ್ರೆಟರ್ನಿಟಿ (ಅಮೆರಿಕದ ಕಾಲೇಜು ಹುಡುಗರು ಸೇರುವ ಒಂದು ಬಗೆಯ ಕೂಟ) ಎಲ್ಲೂ ಕಾಣುವುದಿಲ್ಲ. "ಅದು ಇನ್ನೊಂದರಲ್ಲಿ ಸೇರಿಹೋಯಿತು" ಎಂದಷ್ಟೇ ಹೇಳಿ ಅವರು ಸುಮ್ಮನಾದರು. ಯಾಕೆ ಸೇರಿತು, ಹಳಬರು ಏನಾದರು ಎಂದು ನೀವು ಕೇಳಿದ್ದೀರಿ.

ಒಂದೇ ಸಾಲಿನ ಉತ್ತರ ಬೇಕೆಂದರೆ, 1970ರಲ್ಲಿ ಅದು ಜೀಟಾ ಬೀಟಾ ಟೌ ಎಂಬ ಫ್ರೆಟರ್ನಿಟಿಯಲ್ಲಿ ವಿಲೀನವಾಯಿತು. ಆದರೆ ನಿಮ್ಮ ಪಕ್ಕದ ಮನೆಯವರು ಸುಮ್ಮನಾದದ್ದು ಯಾಕೆ ಎಂದು ಈ ಒಂದು ಸಾಲಿನಿಂದ ಗೊತ್ತಾಗುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಅಮೆರಿಕದಲ್ಲಿ ಎಂ.ಎಸ್. ಓದುವಾಗ ನಾನು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡುತ್ತಿದ್ದೆ. ಹಳೆಯ ಇಯರ್‌ಬುಕ್‌ಗಳನ್ನು ಒಂದೊಂದೇ ಪುಟ ಸ್ಕ್ಯಾನ್ ಮಾಡುವ ಕೆಲಸ. ಅಲ್ಲಿನ ಕಾಲೇಜುಗಳಲ್ಲಿ ಪ್ರತಿ ವರ್ಷ ಇಂಥದ್ದೊಂದು ದಪ್ಪ ರಟ್ಟಿನ ಪುಸ್ತಕ ಬರುತ್ತದೆ. ಆ ವರ್ಷ ಓದಿ ಮುಗಿಸಿದವರು, ಆಟದ ತಂಡಗಳು, ಸಂಘಗಳು ಎಲ್ಲರ ಫೋಟೊ ಅದರಲ್ಲಿ ಇರುತ್ತದೆ. 1969ರ ಪುಸ್ತಕದಲ್ಲಿ ಒಂದು ಮನೆಯ ಫೋಟೊ ಇತ್ತು. ಅಗಲವಾದ ಮೆಟ್ಟಿಲು, ಮೆಟ್ಟಿಲ ತುಂಬ ಕೋಟು ಹಾಕಿದ ಹುಡುಗರು, ಬಾಗಿಲ ಮೇಲೆ ಮರದಲ್ಲಿ ಕೊರೆದ ಮೂರು ಗ್ರೀಕ್ ಅಕ್ಷರ. ಫೈ, ಎಪ್ಸಿಲಾನ್, ಪೈ.

1971ರ ಪುಸ್ತಕದಲ್ಲೂ ಅದೇ ಮನೆ. ಮೂಲೆ ಒಡೆದ ಅದೇ ಕಲ್ಲಿನ ಕಂಬ. ಕೆಲವು ಮುಖಗಳೂ ಅವೇ, ಕೂದಲು ಮಾತ್ರ ಉದ್ದವಾಗಿದೆ. ಆದರೆ ಬಾಗಿಲ ಮೇಲೆ ಜೀಟಾ, ಬೀಟಾ, ಟೌ. ಹೊಸ ಜೀಟಾದ ಹಿಂದೆ ಗೋಡೆಯ ಮೇಲೆ ಒಂದು ದುಂಡು ಗುರುತು ಇತ್ತು. ಹಳೆಯ ಫೈ ಅಕ್ಷರ ಕೂತಿದ್ದ ಜಾಗ ಅದು. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿತ್ತು, ಅಕ್ಷರದ ಅಡಿಯ ಬಣ್ಣ ಹಾಗೇ ಉಳಿದಿತ್ತು. ಎರಡು ಪುಸ್ತಕಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ತುಂಬ ಹೊತ್ತು ನೋಡಿದೆ. ಏನಾಯಿತು ಎಂಬುದರ ಬಗ್ಗೆ ಎರಡರಲ್ಲೂ ಒಂದಕ್ಷರ ಇರಲಿಲ್ಲ. ಅವತ್ತಿನಿಂದ ಈ ವಿಷಯ ಸಿಕ್ಕಲ್ಲೆಲ್ಲ ಓದುತ್ತಾ ಬಂದಿದ್ದೇನೆ.

ಫ್ರೆಟರ್ನಿಟಿ ಎಂದರೆ ನಮ್ಮ ಹಾಸ್ಟೆಲ್ ಅಲ್ಲ, ವಿದ್ಯಾರ್ಥಿ ಸಂಘವೂ ಅಲ್ಲ. ಗ್ರೀಕ್ ಅಕ್ಷರಗಳ ಹೆಸರು, ಗುಟ್ಟಾದ ದೀಕ್ಷೆ, ಎದೆಗೆ ಚುಚ್ಚಿಕೊಳ್ಳುವ ಬ್ಯಾಡ್ಜ್, ಸಾಯುವವರೆಗೂ ಉಳಿಯುವ ಸದಸ್ಯತ್ವ, ಎಲ್ಲ ಸೇರಿ ಫ್ರೆಟರ್ನಿಟಿ. ಸದಸ್ಯರು ಒಬ್ಬರನ್ನೊಬ್ಬರು 'ಬ್ರದರ್' ಎನ್ನುತ್ತಾರೆ. ಒಂದೊಂದು ಕಾಲೇಜಿನಲ್ಲಿರುವ ಶಾಖೆಗೆ ಚಾಪ್ಟರ್ ಎಂದು ಹೆಸರು. ಗ್ರೀಕ್ ಅಕ್ಷರದ ಮೊದಲ ಸಂಘ ಫೈ ಬೀಟಾ ಕಪ್ಪಾ. ಅದು 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿತು. ಈಗಿನ ರೂಪದ ಫ್ರೆಟರ್ನಿಟಿಗಳು ಶುರುವಾದದ್ದು 1825ರಲ್ಲಿ, ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ.

ಇಷ್ಟು ಗೊತ್ತಿದ್ದರೆ ಸಾಕು. ಮುಖ್ಯವಾದದ್ದು ಇನ್ನೊಂದು ಇದೆ. ಒಳಗೆ ಯಾರನ್ನು ಬಿಡಬೇಕು ಎಂದು ತೀರ್ಮಾನ ಮಾಡುತ್ತಿದ್ದವರು ಒಳಗಿದ್ದ ಹುಡುಗರೇ. 19ನೇ ಶತಮಾನದ ಕೊನೆಯ ಹೊತ್ತಿಗೆ ಹೆಚ್ಚಿನ ಫ್ರೆಟರ್ನಿಟಿಗಳು ಬಿಳಿಯ ಪ್ರಾಟೆಸ್ಟೆಂಟ್ ಹುಡುಗರಿಗೆ ಮಾತ್ರ ಎಂಬಂತಾಗಿದ್ದವು. ಮುಂದೆ ಕೆಲವು ಇದನ್ನು ನಿಯಮಾವಳಿಯಲ್ಲೇ ಬರೆದಿಟ್ಟವು. ಹೊರಗೆ ಉಳಿದವರು ತಮ್ಮದೇ ಮನೆ ಕಟ್ಟಿಕೊಂಡರು. ಕ್ಯಾಥೊಲಿಕ್ ಹುಡುಗರು 1889ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಒಂದನ್ನು ಶುರುಮಾಡಿದರು, ಅದೇ ಮುಂದೆ ಫೈ ಕಪ್ಪಾ ಆಯಿತು. ಕಪ್ಪು ಜನಾಂಗದ ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್‌ನಲ್ಲಿ ಆಲ್ಫಾ ಫೈ ಆಲ್ಫಾ ಕಟ್ಟಿದರು. ಯಹೂದಿ ಹುಡುಗರು ಒಂದಲ್ಲ, ಹಲವು ಕಟ್ಟಿದರು.

ನಿಮ್ಮ ಪ್ರಶ್ನೆಗೆ ಬೇಕಾದವು ಅವುಗಳಲ್ಲಿ ಐದು.

ಎಲ್ಲಕ್ಕಿಂತ ಹಿರಿಯದು ಜೀಟಾ ಬೀಟಾ ಟೌ. 1898ರ ಡಿಸೆಂಬರ್ 29ರಂದು ನ್ಯೂಯಾರ್ಕಿನ ಜ್ಯೂಯಿಷ್ ಥಿಯಾಲಾಜಿಕಲ್ ಸೆಮಿನರಿ ಎಂಬ ಯಹೂದಿ ಧರ್ಮಶಾಸ್ತ್ರದ ಕಾಲೇಜಿನಲ್ಲಿ ಸೇರಿದ ಹುಡುಗರ ಗುಂಪಿನಿಂದ ಅದು ಹುಟ್ಟಿತು. ಅವರಿಗೆ ಸ್ಫೂರ್ತಿ ಕೊಟ್ಟವರು ಅದೇ ಊರಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದ ರಿಚರ್ಡ್ ಗಾಟ್‌ಹೈಲ್. ಶುರುವಿನಲ್ಲಿ ಅದು ಗ್ರೀಕ್ ಹೆಸರೇ ಅಲ್ಲ. 'ನ್ಯಾಯದಿಂದ ಜಿಯೋನ್‌ಗೆ ಬಿಡುಗಡೆ' ಎಂಬ ಅರ್ಥದ ಮಾತೊಂದು ಬೈಬಲ್ಲಿನ ಪ್ರವಾದಿ ಯೆಶಾಯನದ್ದಿದೆ. ಜಿಯೋನ್ ಎಂದರೆ ಜೆರುಸಲೇಮ್. ಹೀಬ್ರೂನಲ್ಲಿ ಆ ಮಾತಿನ ಮೂರು ಪದಗಳ ಮೊದಲ ಅಕ್ಷರ ತೆಗೆದುಕೊಂಡು ಜೀ ಬೀ ಟೀ ಎಂದು ಇಟ್ಟುಕೊಂಡಿದ್ದರು. ಅವೇ ಅಕ್ಷರಗಳು ಕೆಲವು ವರ್ಷಗಳ ನಂತರ ಜೀಟಾ, ಬೀಟಾ, ಟೌ ಆದವು. ಹೀಬ್ರೂ ಮಾತು ಗ್ರೀಕ್ ವೇಷ ಹಾಕಿಕೊಂಡು ಕಾಲೇಜಿನ ಒಳಗೆ ಬಂದ ಈ ಸಂಗತಿ ನನಗೆ ತುಂಬ ಇಷ್ಟ.

ಫೈ ಎಪ್ಸಿಲಾನ್ ಪೈ ಹುಟ್ಟಿದ್ದು 1904ರಲ್ಲಿ, ಸಿಟಿ ಕಾಲೇಜ್ ಆಫ್ ನ್ಯೂಯಾರ್ಕ್‌ನಲ್ಲಿ. ಎಲ್ಲರೂ ಇದನ್ನು 'ಫೈ ಎಪ್' ಎಂದೇ ಕರೆಯುತ್ತಿದ್ದರು. ಸಿಟಿ ಕಾಲೇಜಿನಲ್ಲಿ ಆಗ ಫೀಸು ಇರಲಿಲ್ಲ. ಹಡಗು ಹತ್ತಿ ಬಂದಿಳಿದ ಯಹೂದಿ ಕುಟುಂಬಗಳ ಮಕ್ಕಳು, ದರ್ಜಿಗಳ, ಗಾಡಿ ವ್ಯಾಪಾರಿಗಳ ಮಕ್ಕಳು ಅಲ್ಲಿ ಓದುತ್ತಿದ್ದರು. ಒಂದು ಮಾತು ಗಮನಿಸಿ. ಫೈ ಎಪ್ ಶುರುವಾದಾಗ ಯಾವ ಧರ್ಮದವರಾದರೂ ಬರಬಹುದು ಎಂದೇ ಇತ್ತು. ಆದರೆ ಬೇರೆ ಕಡೆ ಬಾಗಿಲು ಮುಚ್ಚಿದ್ದರಿಂದ ಅಲ್ಲಿಗೆ ಬಂದವರು ಬಹುಪಾಲು ಯಹೂದಿಗಳೇ. ಹಾಗೆ ನಿಧಾನವಾಗಿ ಅದು ಯಹೂದಿ ಫ್ರೆಟರ್ನಿಟಿ ಎನಿಸಿಕೊಂಡಿತು. ಮುಂದೆ ನ್ಯೂಯಾರ್ಕ್ ದಾಟಿ ದಕ್ಷಿಣದ ರಾಜ್ಯಗಳ ಕಾಲೇಜುಗಳಿಗೂ ಹಬ್ಬಿತು.

ಉಳಿದ ಮೂರು: 1909ರಲ್ಲಿ ಕೊಲಂಬಿಯಾದಲ್ಲಿ ಫೈ ಸಿಗ್ಮಾ ಡೆಲ್ಟಾ, 1911ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕಪ್ಪಾ ನೂ, 1914ರಲ್ಲಿ ವಾಷಿಂಗ್ಟನ್ ನಗರದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಫೈ ಆಲ್ಫಾ.

ಆ ಕಾಲದ ವಾತಾವರಣ ಹೇಗಿತ್ತು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1922ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷರಾಗಿದ್ದ ಎ. ಲಾರೆನ್ಸ್ ಲೊವೆಲ್ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಬೇಕೆಂದು ಬಹಿರಂಗವಾಗಿಯೇ ವಾದಿಸಿದರು. ಕಾಲೇಜಿಗೆ ಸೇರುವುದೇ ಕಷ್ಟ, ಸೇರಿದ ಮೇಲೆ ಜೊತೆಗೆ ಕೂರಿಸಿಕೊಳ್ಳುವವರಿಲ್ಲ. ಇಂಥ ಊರಿನಲ್ಲಿ ಒಬ್ಬ ಹುಡುಗನಿಗೆ ಸಂಜೆ ಹೋಗಲು ಒಂದು ಮನೆ, ಊಟಕ್ಕೆ ಒಂದು ಮೇಜು, ಭುಜ ತಟ್ಟಲು ನಾಲ್ಕು ಜನ ಸಿಕ್ಕರೆ ಅದು ಸಣ್ಣ ವಿಷಯವಲ್ಲ. ಪರದೇಶಕ್ಕೆ ಒಬ್ಬನೇ ಹೋಗಿ ಓದಿದವನು ನಾನು. ಮೊದಲ ಯುಗಾದಿಗೆ ಯಾರೋ ಕನ್ನಡದವರು ಮನೆಗೆ ಕರೆದು ಬೇವುಬೆಲ್ಲ ಕೊಟ್ಟ ದಿನ ಇನ್ನೂ ನೆನಪಿದೆ. ಆ ಹುಡುಗರಿಗೆ ಆ ಮೂರು ಅಕ್ಷರ ಏನಾಗಿತ್ತು ಎಂದು ನನಗೆ ಅದರಿಂದಲೇ ಅಂದಾಜಾಗುತ್ತದೆ.

ಆದರೂ ಒಂದನ್ನು ಹೇಳಲೇಬೇಕು. ಹೊರಗೆ ಇಟ್ಟವರ ಮನೆಗಳಲ್ಲೂ ಮೇಲು ಕೀಳು ಇತ್ತು. ಮೊದಲೇ ಬಂದು ನೆಲೆಯೂರಿದ್ದ ಜರ್ಮನಿ ಮೂಲದ ಉಳ್ಳವರು ಒಂದು ಕಡೆ, ಪೂರ್ವ ಯುರೋಪಿನಿಂದ ಆಮೇಲೆ ಬಂದ ಬಡವರು ಇನ್ನೊಂದು ಕಡೆ. ಜೀ ಬೀ ಟೀ ಎಂದರೆ ಉಳ್ಳವರದ್ದು ಎಂಬ ಮಾತು ಜೋರಾಗಿಯೇ ಇತ್ತು. ಐದು ಬೇರೆ ಬೇರೆ ಮನೆ ಯಾಕೆ ಬೇಕಾಯಿತು ಎಂಬುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ.

ಎರಡನೇ ಮಹಾಯುದ್ಧ ಎಲ್ಲವನ್ನೂ ಬದಲಿಸಿತು. ಯುದ್ಧದಿಂದ ಬಂದ ಹುಡುಗರು ಸರ್ಕಾರದ ದುಡ್ಡಿನಲ್ಲಿ ಕಾಲೇಜು ಸೇರಿದರು. ಒಟ್ಟಿಗೆ ಗುಂಡಿನ ಎದುರು ನಿಂತವರಿಗೆ ಊಟದ ಮೇಜಿನಲ್ಲಿ ಜಾತಿ ಧರ್ಮ ನೋಡುವುದು ಸರಿ ಕಾಣಲಿಲ್ಲ. 1948ರಲ್ಲಿ ಆಮ್ಹರ್ಸ್ಟ್ ಕಾಲೇಜಿನ ಫೈ ಕಪ್ಪಾ ಸೈ ಚಾಪ್ಟರ್ ಒಬ್ಬ ಕಪ್ಪು ವಿದ್ಯಾರ್ಥಿಯನ್ನು ಸೇರಿಸಿಕೊಂಡಿತು. ರಾಷ್ಟ್ರೀಯ ಸಂಘ ಆ ಚಾಪ್ಟರನ್ನೇ ಹೊರಗೆ ಹಾಕಿತು. ದೇಶದ ತುಂಬ ಅದು ಸುದ್ದಿಯಾಯಿತು. 1953ರಲ್ಲಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ ತನ್ನ ಕ್ಯಾಂಪಸ್‌ಗಳಲ್ಲಿ ರಾಷ್ಟ್ರೀಯ ಫ್ರೆಟರ್ನಿಟಿಗಳನ್ನೇ ನಿಷೇಧಿಸಿತು. 1954ರಲ್ಲಿ ಜೀ ಬೀ ಟೀ ತಾನೂ ಧರ್ಮದ ಕಟ್ಟು ತೆಗೆದುಹಾಕಿತು. ಒಂದೊಂದಾಗಿ ಎಲ್ಲ ಕಡೆ ಬಾಗಿಲು ತೆರೆಯಿತು.

ಬಾಗಿಲು ತೆರೆದದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಗಿಲು ಮುಚ್ಚಿದ್ದಕ್ಕೆ ಹುಟ್ಟಿದ್ದ ಮನೆಗಳ ಕಥೆ ಏನು? ಯಹೂದಿ ಹುಡುಗ ಈಗ ಯಾವ ಫ್ರೆಟರ್ನಿಟಿಗೆ ಬೇಕಾದರೂ ಹೋಗಬಹುದು. ಐದೂ ಮನೆಗಳು ಅದೇ ಹುಡುಗರಿಗಾಗಿ ಕಾಯಬೇಕಾಯಿತು. ಅದರ ಮೇಲೆ 1960ರ ದಶಕ ಬಂತು. ವಿಯೆಟ್ನಾಂ ಯುದ್ಧ, ಕಡ್ಡಾಯ ಸೇನಾ ಸೇವೆ, ಎಲ್ಲೆಲ್ಲೂ ಚಳವಳಿ. ಫೈ ಸಿಗ್ಮಾ ಡೆಲ್ಟಾ ಹುಟ್ಟಿದ ಕೊಲಂಬಿಯಾದಲ್ಲೇ 1968ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳು ಕಟ್ಟಡಗಳನ್ನು ಹಿಡಿದು ಕೂತರು. ಕೋಟು ಟೈ, ಗುಟ್ಟಿನ ದೀಕ್ಷೆ, ಬ್ಯಾಡ್ಜ್ ಇವೆಲ್ಲ ಆ ಹುಡುಗರಿಗೆ ಅಪ್ಪಂದಿರ ಕಾಲದ ವಸ್ತುಗಳಾದವು. ಸೇರುವವರು ಕಡಿಮೆಯಾದರು. ಆದರೆ ಮನೆಯ ಸಾಲದ ಕಂತು, ತೆರಿಗೆ, ಅಡುಗೆಯವರ ಸಂಬಳ ಯಾವುದೂ ಕಡಿಮೆಯಾಗಲಿಲ್ಲ.

ವಿಲೀನ ಒಂದೇ ಸಲ ಆದದ್ದಲ್ಲ. 1959ರಲ್ಲಿ ಫೈ ಆಲ್ಫಾ ಹೋಗಿ ಫೈ ಸಿಗ್ಮಾ ಡೆಲ್ಟಾ ಸೇರಿತು. 1961ರಲ್ಲಿ ಕಪ್ಪಾ ನೂ ಹೋಗಿ ಫೈ ಎಪ್ ಸೇರಿತು. ದಶಕದ ಕೊನೆಗೆ ಮೊದಲು ಫೈ ಸಿಗ್ಮಾ ಡೆಲ್ಟಾ, ಅದರ ಹಿಂದೆಯೇ 1970ರಲ್ಲಿ ಫೈ ಎಪ್, ಎರಡೂ ಜೀ ಬೀ ಟೀ ಒಳಗೆ ಬಂದವು. ಹೆಸರು ಉಳಿದದ್ದು ಹಿರಿಯದಕ್ಕೆ.

ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿದಾಗ ನಮ್ಮ ಮನೆಯಲ್ಲಿ ಹಳೆಯ ಪಾಸ್‌ಬುಕ್ ಹಿಡಿದು ಬೇಜಾರು ಮಾಡಿಕೊಂಡವರು ಇದ್ದರು. ಬ್ಯಾಂಕಿನ ಪಾಸ್‌ಬುಕ್ಕಿಗೇ ಹಾಗಾದರೆ, ಇಲ್ಲಿ ಬದಲಾಗುವುದು ಪ್ರಮಾಣ ಮಾಡಿ ಪಡೆದ ಹೆಸರು. ಕೆಲಸದ ತೊಡಕುಗಳೂ ಬೇಕಾದಷ್ಟು ಇರುತ್ತವೆ. ಒಂದೇ ಕ್ಯಾಂಪಸ್‌ನಲ್ಲಿ ಎರಡಕ್ಕೂ ಚಾಪ್ಟರ್ ಇದ್ದರೆ ಯಾವ ಮನೆ ಉಳಿಸಿಕೊಳ್ಳುವುದು? ಮನೆಯ ಪತ್ರ ಸಾಮಾನ್ಯವಾಗಿ ಹಳೆಯ ವಿದ್ಯಾರ್ಥಿಗಳ ಟ್ರಸ್ಟಿನಂಥ ಸಂಸ್ಥೆಯ ಹೆಸರಿನಲ್ಲಿ ಇರುತ್ತದೆ, ಅವರು ಒಪ್ಪಬೇಕು. ದೀಕ್ಷೆಯ ವಿಧಿ ಯಾರದ್ದು ನಡೆಯಬೇಕು? ಎರಡು ವರ್ಷ ಎದುರಾಳಿಗಳ ಹಾಗೆ ಫುಟ್‌ಬಾಲ್ ಆಡಿದವರು ಬೆಳಗಾಗುವುದರೊಳಗೆ ಬ್ರದರ್ ಆಗಬೇಕು. ಕಾಗದದಲ್ಲಿ ಸಹಿ ಬೀಳುವುದು ಒಂದು ದಿನದಲ್ಲಿ, ಇದೆಲ್ಲ ಸರಿಹೋಗಲು ವರ್ಷಗಳೇ ಬೇಕು.

ಎಲ್ಲ ವಿಲೀನಗಳೂ ಇದೇ ತರಹ ಅಲ್ಲ. ಮೇಲೆ ಹೇಳಿದ ಕ್ಯಾಥೊಲಿಕರ ಫೈ ಕಪ್ಪಾ 1959ರಲ್ಲಿ ಥೀಟಾ ಕಪ್ಪಾ ಫೈ ಜೊತೆ ಸೇರಿದಾಗ ಎರಡರ ಹೆಸರನ್ನೂ ಕೂಡಿಸಿ ಫೈ ಕಪ್ಪಾ ಥೀಟಾ ಮಾಡಿಕೊಂಡರು. 1985ರಲ್ಲಿ ಫೈ ಸಿಗ್ಮಾ ಎಪ್ಸಿಲಾನ್, ಫೈ ಸಿಗ್ಮಾ ಕಪ್ಪಾದಲ್ಲಿ ಸೇರಿದಾಗ ಕೆಲವು ಚಾಪ್ಟರ್‌ಗಳಿಗೆ ಸಮಾಧಾನ ಆಗಲಿಲ್ಲ. ಅವು 1988ರಲ್ಲಿ ಫೈ ಸಿಗ್ಮಾ ಫೈ ಎಂದು ಬೇರೆಯೇ ಮನೆ ಹೂಡಿದವು. ಅವರನ್ನು ಹಟಮಾರಿಗಳು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ಹಳಬರ ವಿಷಯ. ಫೈ ಎಪ್ ಸದಸ್ಯರೆಲ್ಲ ಜೀ ಬೀ ಟೀ ಸದಸ್ಯರೆಂದೇ ಲೆಕ್ಕ. ಆ ಫ್ರೆಟರ್ನಿಟಿ ಇವತ್ತಿಗೂ ತನ್ನ ಇತಿಹಾಸ ಹೇಳುವಾಗ ಒಳಗೆ ಬಂದ ನಾಲ್ಕೂ ಹೆಸರುಗಳನ್ನು ಹೇಳುತ್ತದೆ. ವಿಲೀನದ ನಂತರವೂ ಅದು ಸುಮ್ಮನೆ ಕೂರಲಿಲ್ಲ. 1989ರಲ್ಲಿ ಪ್ಲೆಡ್ಜ್ ಪದ್ಧತಿಯನ್ನೇ ತೆಗೆದುಹಾಕಿತು. ಹೊಸಬರನ್ನು ಕೆಲವು ತಿಂಗಳು ಪರೀಕ್ಷೆಗೆ ಇಡುವ ಪದ್ಧತಿ ಅದು. ನಾವು ರ‍್ಯಾಗಿಂಗ್ ಎನ್ನುತ್ತೇವಲ್ಲ, ಅದು ನಡೆಯುತ್ತಿದ್ದುದೇ ಆ ಸಮಯದಲ್ಲಿ. ಅದನ್ನು ತೆಗೆದದ್ದು ದೊಡ್ಡ ಕೆಲಸ ಎಂದು ನಾನು ನಂಬುತ್ತೇನೆ.

ಕೊನೆಗೆ ನಾನು ಕಣ್ಣಾರೆ ನೋಡಿದ್ದೊಂದು ಇದೆ. ಹಳೆಯ ವಿದ್ಯಾರ್ಥಿಗಳು ಸೇರುವ ವಾರಾಂತ್ಯದಲ್ಲಿ ವಯಸ್ಸಾದವರೊಬ್ಬರು ನಮ್ಮ ಲೈಬ್ರರಿಗೆ ಬಂದು 1959ರ ಇಯರ್‌ಬುಕ್ ಕೇಳಿದರು. ತಂದುಕೊಟ್ಟೆ. ಅವರು ತೆಗೆದ ಪುಟದಲ್ಲಿ ಅದೇ ಮನೆ, ಅದೇ ಕಂಬ. ಕಂಬದ ಮೂಲೆ ಇನ್ನೂ ಒಡೆದಿರಲಿಲ್ಲ. ಬಾಗಿಲ ಮೇಲೆ ಕಪ್ಪಾ ನೂ ಎಂಬ ಎರಡೇ ಅಕ್ಷರ. ಅವರು ಕಪ್ಪಾ ನೂ ಸೇರಿ, 1961ರಲ್ಲಿ ಫೈ ಎಪ್ ಆಗಿ, 1970ರಲ್ಲಿ ಜೀ ಬೀ ಟೀ ಆದವರು. ಹಾಗಾದರೆ ನಿಮ್ಮನ್ನು ಯಾವ ಫ್ರೆಟರ್ನಿಟಿಯವರು ಎನ್ನಬೇಕು ಎಂದು ಕೇಳಿದೆ. ಅವರು ಜೇಬಿನಿಂದ ಉಗುರಿನಷ್ಟು ಅಗಲದ ಬ್ಯಾಡ್ಜ್ ತೆಗೆದು ಆ ಪುಟದ ಮೇಲೆ ಇಟ್ಟರು. ಉಜ್ಜಿ ಉಜ್ಜಿ ಅಂಚು ಸವೆದಿತ್ತು. ಅದರ ಮೇಲಿದ್ದದ್ದು ಕಪ್ಪಾ ನೂ.

ಆದ್ದರಿಂದ ನಿಮ್ಮ ಪಕ್ಕದ ಮನೆಯವರನ್ನು ಯಾವ ಕಾಲೇಜು, ಯಾವ ವರ್ಷ ಸೇರಿದ್ದು ಎಂದು ಕೇಳಿ. 1961ಕ್ಕೆ ಮೊದಲು ಎಂದರೆ ಅವರೂ ಕಪ್ಪಾ ನೂ ಆಗಿದ್ದಿರಬಹುದು. ಬ್ಯಾಡ್ಜ್ ಇದೆಯಾ ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ. ಅದನ್ನು ನೋಡಬೇಕು ಎಂದು ಯಾರಾದರೂ ಕೇಳಿ ಎಷ್ಟೋ ವರ್ಷ ಆಗಿರುತ್ತದೆ.