ಸಾದಾ ಕ್ಯಾಲ್ಕುಲೇಟರ್ 20 ಅಂದರೆ ಸ್ಪ್ರೆಡ್‌ಶೀಟ್ 14 ಅನ್ನುತ್ತದೆ, ಯಾಕೆ?

ಪ್ರಶ್ನೆ: 2 + 3 × 4 ಒತ್ತಿದರೆ ಸಣ್ಣ ಕ್ಯಾಲ್ಕುಲೇಟರ್ 20 ತೋರಿಸುತ್ತದೆ, ಸ್ಪ್ರೆಡ್‌ಶೀಟ್ 14. ಮಗಳಿಗೆ ಯಾವುದು ಸರಿ ಎಂದು ಹೇಳಲಿ?

14 ಸರಿ. ನಾಲ್ಕೇ ಕ್ರಿಯೆಗಳ ಸಾದಾ ಕ್ಯಾಲ್ಕುಲೇಟರ್ ಮುಂದೇನಿದೆ ಎಂದು ಕಾಯುವುದಿಲ್ಲ. ಗುಣಾಕಾರದ ಗುಂಡಿ ಒತ್ತಿದ ಕೂಡಲೇ ಅಲ್ಲಿಯವರೆಗಿನ 2 + 3 ಅನ್ನು 5 ಮಾಡಿ ಮುಗಿಸಿರುತ್ತದೆ. ಆ ಗಳಿಗೆಯಲ್ಲಿ ಪರದೆ ನೋಡಿದರೆ 5 ಕಾಣುತ್ತದೆ. ಮಗಳಿಗೆ ಅದನ್ನೇ ತೋರಿಸಿ. ಸೈಂಟಿಫಿಕ್ ಕ್ಯಾಲ್ಕುಲೇಟರ್ ಮತ್ತು ಸ್ಪ್ರೆಡ್‌ಶೀಟ್ ಗುಣಾಕಾರವನ್ನು ಮೊದಲು ಮಾಡುತ್ತವೆ.

12 × 7 + 15 × 6 ಇನ್ನೂ ಒಳ್ಳೆಯ ಅಭ್ಯಾಸ. ಸಾದಾ ಯಂತ್ರದಲ್ಲಿ ನೇರವಾಗಿ ಒತ್ತಿದರೆ 594 ಬರುತ್ತದೆ, ಸರಿ ಉತ್ತರ 174. ಇಲ್ಲಿ ಮೆಮೊರಿ ಬೇಕು: 12 × 7 = ಒತ್ತಿ ಎಂ+ (ಮೆಮೊರಿಗೆ ಕೂಡಿಸುವ ಗುಂಡಿ), 15 × 6 = ಒತ್ತಿ ಎಂ+, ಕೊನೆಗೆ ಎಂಆರ್ (ಮೆಮೊರಿಯಲ್ಲಿರುವುದನ್ನು ತೋರಿಸುವ ಗುಂಡಿ). ಶುರು ಮಾಡುವ ಮೊದಲು ಪರದೆಯ ಮೂಲೆಯಲ್ಲಿ ಪುಟ್ಟ 'ಎಂ' ಇದೆಯೇ ನೋಡಿಕೊಳ್ಳಿ. ಇದ್ದರೆ ಹಳೆಯ ಲೆಕ್ಕ ಒಳಗೇ ಉಳಿದಿದೆ, ಅಳಿಸಬೇಕು.

ಸ್ಪ್ರೆಡ್‌ಶೀಟ್‌ಗೂ ಒಂದು ವಿಚಿತ್ರ ಅಭ್ಯಾಸವಿದೆ. ಎಕ್ಸೆಲ್‌ನಲ್ಲಿ =-3^2 (^2 ಎಂದರೆ ವರ್ಗ) ಬರೆದರೆ 9 ಬರುತ್ತದೆ, ಗಣಿತದ ರೂಢಿಯಲ್ಲಿ ಅದು −9. ಆವರಣ ಹಾಕಿ =-(3^2) ಎಂದೇ ಬರೆಯಿರಿ.

ಪ್ರಶ್ನೆ: ಫೋನಿನಲ್ಲಿ 200 + 10% ಎಂದರೆ 220. ಸ್ಪ್ರೆಡ್‌ಶೀಟ್‌ನಲ್ಲಿ 200.1 ಏಕೆ?

ಸ್ಪ್ರೆಡ್‌ಶೀಟ್‌ಗೆ 10% ಎಂದರೆ ಬರೀ 0.1. ಯಾವುದರ ಶೇಕಡಾ ಎಂದು ಅದು ಊಹಿಸುವುದಿಲ್ಲ, ನೀವೇ ಹೇಳಬೇಕು: =200*(1+10%). ಮತ್ತೆ ಹಿಂದಕ್ಕೆ ಹೋಗಲು 220ರಿಂದ ಶೇ 10 ಕಳೆದರೆ 198 ಸಿಗುತ್ತದೆ. 1.1ರಿಂದ ಭಾಗಿಸಿದರೆ ಮಾತ್ರ 200.

ಪ್ರಶ್ನೆ: ಗುಣಾಕಾರದ ಅಭ್ಯಾಸಕ್ಕೆ ಸ್ಪ್ರೆಡ್‌ಶೀಟ್ ಮಾಡಿದೆ. ಮಗು ಉತ್ತರ ಬರೆದ ತಕ್ಷಣ ಸಂಖ್ಯೆಗಳೇ ಬದಲಾಗುತ್ತವೆ!

ರ‍್ಯಾಂಡ್‌ಬಿಟ್ವೀನ್ (ಎರಡು ಸಂಖ್ಯೆಗಳ ನಡುವಿನ ಯಾವುದಾದರೂ ಒಂದನ್ನು ತಾನೇ ಆರಿಸಿಕೊಡುವ ಸೂತ್ರ) ಬಳಸಿದ್ದೀರಿ ಎಂದಾಯಿತು. ಹಾಳೆಯಲ್ಲಿ ಏನೇ ಬರೆದರೂ ಅದು ಹೊಸ ಸಂಖ್ಯೆ ಹುಟ್ಟಿಸುತ್ತದೆ. ಹೀಗೆ ಮಾಡಿ (ಕೆಳಗಿನ ಹೆಸರುಗಳನ್ನು ಹಾಳೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು): ಎ2ರಲ್ಲಿ =ರ‍್ಯಾಂಡ್‌ಬಿಟ್ವೀನ್(12,99), ಬಿ2ರಲ್ಲಿ =ರ‍್ಯಾಂಡ್‌ಬಿಟ್ವೀನ್(2,9). ಎರಡನ್ನೂ ಹತ್ತು ಸಾಲು ಕೆಳಕ್ಕೆ ಎಳೆಯಿರಿ. ನಂತರ ಆ ಎರಡು ಕಾಲಂಗಳನ್ನು ಕಾಪಿ ಮಾಡಿ, ಅದೇ ಜಾಗಕ್ಕೆ ಪೇಸ್ಟ್ ಸ್ಪೆಷಲ್‌ನ 'ವ್ಯಾಲ್ಯೂಸ್' ಆಯ್ಕೆಯಿಂದ ಅಂಟಿಸಿ. ಸೂತ್ರ ಹೋಗಿ ಬರೀ ಸಂಖ್ಯೆ ಉಳಿಯುತ್ತದೆ, ಇನ್ನು ಅಲುಗುವುದಿಲ್ಲ.

ಸಿ ಕಾಲಂ ಅಂದಾಜಿಗೆ, ಡಿ ಉತ್ತರಕ್ಕೆ. ಇ2ರಲ್ಲಿ =ಇಫ್(ಡಿ2="","",ಇಫ್(ಡಿ2=ಎ2*ಬಿ2,"ಸರಿ","ತಪ್ಪು")) ಬರೆದು ಕೆಳಕ್ಕೆ ಎಳೆಯಿರಿ. ಉತ್ತರ ಸರಿಯಿದ್ದೂ 'ತಪ್ಪು' ಬಂದರೆ, ಆ ಸಂಖ್ಯೆ ಸೆಲ್ಲಿನ ಎಡಕ್ಕೆ ಅಂಟಿಕೊಂಡಿದೆಯೇ ನೋಡಿ. ಸೆಲ್ಲಿಗೆ 'ಟೆಕ್ಸ್ಟ್' ಫಾರ್ಮ್ಯಾಟ್ ಇದ್ದರೆ ಅದು ಸಂಖ್ಯೆ ಎಂದು ಲೆಕ್ಕಕ್ಕೆ ಬರುವುದಿಲ್ಲ. ಫಾರ್ಮ್ಯಾಟ್ ಬದಲಿಸಿ, ಮತ್ತೆ ಟೈಪಿಸಿ.

ಅಂದಾಜಿನ ಕಾಲಂ ಬಿಡಬೇಡಿ. ನಮ್ಮ ಪ್ರಕಾರ ಇಡೀ ಹಾಳೆಯಲ್ಲಿ ನಿಜವಾದ ಕಲಿಕೆ ಅಲ್ಲೇ ಇದೆ. 48 × 7 ಇದ್ದರೆ 50 × 7, ಅಂದರೆ 350ಕ್ಕಿಂತ ತುಸು ಕಡಿಮೆ. ಎಂಟೇಳು ಐವತ್ತಾರು, ಹಾಗಾಗಿ ಬಿಡಿ ಸ್ಥಾನದಲ್ಲಿ 6. ಇಷ್ಟು ತಿಳಿದವರಿಗೆ 336 ಬದಲು 3360 ಕಂಡರೆ ಬೆರಳು ತಪ್ಪಿದ್ದು ತಕ್ಷಣ ಗೊತ್ತಾಗುತ್ತದೆ.

ಪ್ರಶ್ನೆ: ಕ್ಯಾಲ್ಕುಲೇಟರ್‌ನಲ್ಲಿ ಶೇಷ ಕಂಡುಹಿಡಿಯುವುದು ಹೇಗೆ?

47 ÷ 6 ಮಾಡಿ, 7.8333333 ಬರುತ್ತದೆ. ಅಲ್ಲಿಂದ 7 ಕಳೆದು 6ರಿಂದ ಗುಣಿಸಿದರೆ ಎಂಟು ಅಂಕಿಯ ಯಂತ್ರ 4.9999998 ತೋರಿಸುತ್ತದೆ, ಏಕೆಂದರೆ ದಶಮಾಂಶದ ಬಾಲ ಆಗಲೇ ಕತ್ತರಿಸಿಹೋಗಿದೆ. ಮಗು ಗಾಬರಿಯಾಗುತ್ತದೆ. ಬದಲಿಗೆ ಪೂರ್ಣಾಂಕ 7 ಅನ್ನಷ್ಟೇ ತೆಗೆದುಕೊಂಡು 7 × 6 = 42, 47 − 42 = 5 ಎಂದು ಮಾಡಿಸಿ. ಸ್ಪ್ರೆಡ್‌ಶೀಟ್‌ನಲ್ಲಾದರೆ =ಮಾಡ್(47,6) ನೇರವಾಗಿ 5 ಕೊಡುತ್ತದೆ.